ಯಾರೂ ಕೇಳದ ಬಲಿ

ಜನವರಿ 9

ಮಗಳೇ,

ಸಿಸ್ಟರ್ ಅಂತಲೇ ಬರೀಬೇಕು, ಗೊತ್ತು. ಲಕೋಟೆ ಮೇಲೆ ಹಾಗೇ ಬರೆದಿದ್ದೀನಿ. ಒಳಗಡೆ ನಾನು ಕರೆಯೋ ಹಾಗೆ ಕರೀತೀನಿ, ನಿಮ್ಮ ಕನ್ಯಾಮಠದ ಮದರ್ ಓದಿದರೆ ಓದಲಿ.

ಚಿಕ್ಕೋನು ಬಿದ್ದಿದ್ದಾನೆ. ಮೊನ್ನೆ ಆರನೇ ತಾರೀಖು, ಬೆಳಗ್ಗೆ ಹತ್ತೂವರೆಗೆ. ಯಾವುದೋ ಆಫೀಸಿನ ಕಟ್ಟಡದಲ್ಲಿ ಲಿಫ್ಟ್ ನಡುವೆ ನಿಂತುಬಿಟ್ಟಿತ್ತಂತೆ, ರಿಪೇರಿಗೆ ಇವನನ್ನ ಕರೆಸಿದ್ದರು. ಮೂರನೇ ಅಂತಸ್ತಿನ ಬಾಗಿಲು ತೆಗೆದು ಒಳಗೆ ಇಳಿದಿದ್ದಾನೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಇಳಿದ ಅಂತ ಜೊತೆಯವರು ಆಣೆ ಮಾಡಿ ಹೇಳ್ತಾರೆ. ಬೆಲ್ಟ್ ಸಿಕ್ಕಿಸಿದ್ದ ಕೊಂಡಿಯೇ ಗೋಡೆಯಿಂದ ಕಿತ್ತು ಬಂತಂತೆ. ಸೊಂಟದ ಮೂಳೆ ಮುರಿದಿದೆ, ಹೊಟ್ಟೆಯೊಳಗೆ ಏನೋ ಒಡೆದಿತ್ತು, ಆಪರೇಷನ್ ಮಾಡಿದರು. ಈಗ ಜ್ವರ. ನಂಜು ಏರಿದೆ ಅಂತಾರೆ. ಕಣ್ಣು ಬಿಡ್ತಾನೆ, ನನ್ನನ್ನ ನೋಡ್ತಾನೆ, ಗುರುತು ಹಿಡಿಯಲ್ಲ.

ನಾನು ಆಗ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕ್ತಾ ಇದ್ದೆ. ಯಂತ್ರದ ಸದ್ದಿನಲ್ಲಿ ಮ್ಯಾನೇಜರು ಬಂದು ಹೇಳಿದ್ದು ಮೊದಲ ಸಲಕ್ಕೆ ಕಿವಿಗೆ ಬೀಳಲೇ ಇಲ್ಲ. ಎರಡನೇ ಸಲಕ್ಕೆ ಅವರು ನನ್ನ ಕೈ ಹಿಡಿದು ಹೊರಗೆ ಕರಕೊಂಡು ಹೋದರು. ಅಷ್ಟು ಒಳ್ಳೆಯತನ ಆ ಮನುಷ್ಯನಲ್ಲಿ ನಾನು ಯಾವತ್ತೂ ಕಂಡವಳಲ್ಲ. ಅಲ್ಲೇ ನನಗೆ ಅರ್ಥ ಆಗಿಹೋಯ್ತು.

ನಿನ್ನ ತಮ್ಮನ ಹೆಂಡತಿಗೆ ಐದು ತಿಂಗಳು ತುಂಬಿದೆ. ಊಟ ಮಾಡು ಅಂತ ನಾನು, ನೀವು ಮಾಡಿ ಅತ್ತೆ ಅಂತ ಅವಳು. ಡಬ್ಬಿ ತಂದ ಹಾಗೇ ಮನೆಗೆ ವಾಪಸ್ ಹೋಗುತ್ತೆ.

ನೀನು ಪ್ರಾರ್ಥನೆ ಮಾಡು. ನಾವೂ ಮಾಡ್ತೀವಿ, ಆದರೆ ನಮ್ಮದು ಬೇರೆ, ನಿನ್ನದು ಬೇರೆ. ಆರು ವರ್ಷದವಳಿದ್ದಾಗ ನೀನು ಆ ಜ್ವರದಲ್ಲಿ ಕೈ ತಪ್ಪಿ ಹೋಗ್ತಿದ್ದೆ. ಮಗಳನ್ನ ಉಳಿಸಿಕೊಟ್ಟರೆ ದೇವರಿಗೇ ಒಪ್ಪಿಸ್ತೀನಿ ಅಂತ ಹರಕೆ ಹೊತ್ತೆ. ಉಳಿಸಿದ. ಹತ್ತೊಂಬತ್ತಕ್ಕೆ ಒಪ್ಪಿಸಿದೆ. ಈಗ ನೀನು ಅವನ ಮನೆಯವಳು. ಮನೆಯವಳ ಮಾತನ್ನ ಯಾರು ತಾನೇ ತೆಗೆದುಹಾಕ್ತಾರೆ?

ಬೇಗ ಕೇಳು. ತಡ ಮಾಡಬೇಡ.

ನಿನ್ನ
ಅಮ್ಮ


ಜನವರಿ 21

ಅಮ್ಮನಿಗೆ,

ನಿನ್ನ ಪತ್ರ ಇವತ್ತು ಮಧ್ಯಾಹ್ನ ಕೈ ಸೇರಿತು. ಕನ್ಯಾಮಠದವರು ವಿಳಾಸ ತಿದ್ದಿ ಇಲ್ಲಿಗೆ ಕಳಿಸಿದ್ದಾರೆ. ಓದಿ ಮುಗಿಸಿದ ಮೇಲೆ ಎಷ್ಟು ಹೊತ್ತು ಹಿಟ್ಟಿನ ಚೀಲದ ಮೇಲೆ ಕೂತಿದ್ದೆನೋ ತಿಳಿಯದು. ತಮ್ಮ ಹೇಗಿದ್ದಾನೆ? ಹನ್ನೆರಡು ದಿನದ ಹಿಂದಿನ ಸುದ್ದಿ ಹಿಡಿದುಕೊಂಡು ನಾನು ಏನು ಮಾಡಲಿ?

ಹಿಟ್ಟಿನ ಚೀಲ ಎಂದು ಬರೆದೆ. ಹೇಳಬೇಕಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಕನ್ಯಾಮಠದಲ್ಲಿಲ್ಲಮ್ಮ. ನವೆಂಬರ್ ಹದಿನೆಂಟರಂದು ಹೊರಗೆ ಬಂದೆ. ಕದ್ದು ಬಂದದ್ದಲ್ಲ. ಬರೆದು ಕೇಳಿದೆ, ಬಿಡುಗಡೆಯ ಪತ್ರ ಬಂತು, ಮದರ್ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ನಿನಗೆ ತಿಳಿಸಲು ಎರಡು ತಿಂಗಳಿಂದ ಪತ್ರ ಬರೆದು ಹರಿಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಮದರ್ ನನ್ನನ್ನು ಕೂರಿಸಿಕೊಂಡು ಕೇಳಿದ್ದರು, ನೀನು ಇಲ್ಲಿಗೆ ಯಾಕೆ ಬಂದೆ ಎಂದು. ನಿನ್ನ ಹರಕೆಯ ಕಥೆ ಹೇಳಿದೆ. ಅದು ನಿನ್ನ ತಾಯಿಯ ಉತ್ತರ ಆಯಿತು, ನಿನ್ನದು ಯಾವುದು ಎಂದರು. ಮೂರು ವರ್ಷ ಹುಡುಕಿದೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿ ಯಾರೂ ನನ್ನನ್ನು ನೋಯಿಸಿಲ್ಲ, ಅದನ್ನೂ ತಿಳಿದುಕೊ.

ಈಗ ಒಂದು ಬೇಕರಿಯಲ್ಲಿ ಕೆಲಸ. ಹನ್ನೆರಡು ವರ್ಷ ಚರ್ಚಿನ ಬಲಿಪೂಜೆಗೆ ರೊಟ್ಟಿ ಸುಟ್ಟವಳಿಗೆ ಇನ್ನೇನು ಬರುತ್ತದೆ ಹೇಳು. ಅಲ್ಲಿ ಬರೀ ಹಿಟ್ಟು, ನೀರು, ಎರಡು ಬಿಸಿ ತಗಡು. ಕಾಗದದಷ್ಟು ತೆಳ್ಳಗೆ ಸುಟ್ಟು, ಒಡೆಯದಂತೆ ಒದ್ದೆ ಬಟ್ಟೆಯ ನಡುವೆ ಇಟ್ಟು, ಆಮೇಲೆ ದುಂಡಗೆ ಕತ್ತರಿಸುವುದು. ಇಲ್ಲಿ ಹಿಟ್ಟು ಉಬ್ಬುತ್ತದೆ. ಮೊದಲ ದಿನ ತೊಟ್ಟಿಯ ಮೇಲೆ ಹೊದಿಸಿದ್ದ ಬಟ್ಟೆ ತಾನಾಗಿ ಮೇಲಕ್ಕೆ ಏಳುವುದನ್ನು ಕಂಡು ಹಿಂದೆ ಸರಿದೆ. ಬೇಕರಿಯ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಬರುತ್ತೇನೆ. ಯಾವ ವಾರ್ಡು, ನೋಡಲು ಬಿಡುವ ಹೊತ್ತು ಯಾವುದು, ಎರಡನ್ನೂ ತಿಳಿಸು. ಪ್ರಾರ್ಥನೆ ನಾನು ಬಿಟ್ಟಿಲ್ಲ. ಅವನಿಗಾಗಿ ಓದಿದ ಕ್ಷಣದಿಂದ ಮಾಡುತ್ತಲೇ ಇದ್ದೇನೆ.

ಕ್ಷಮೆ ಕೇಳುತ್ತಾ,
ನಿನ್ನ ಮಗಳು


ಜನವರಿ 25

ದೊಡ್ಡೋಳೇ,

ನವೆಂಬರ್ ಹದಿನೆಂಟು ಅಂತ ಬರೆದಿದ್ದೀಯ. ಅವನು ಬಿದ್ದದ್ದು ಜನವರಿ ಆರು. ಆಸ್ಪತ್ರೆಯ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ನೋಡಿದೆ. ಸರಿಯಾಗಿ ಏಳು ವಾರ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ. ಏಳು ವಾರ ಕಾದಿದ್ದಾನೆ ದೇವರು, ಈ ಹುಡುಗಿ ಬುದ್ಧಿ ಕಲಿತು ವಾಪಸ್ ಬರ್ತಾಳೇನೋ ಅಂತ. ನೀನು ಅಲ್ಲಿ ಹಿಟ್ಟು ಉಬ್ಬೋದನ್ನ ನೋಡ್ತಾ ನಿಂತಿದ್ದೆ.

ನಿನ್ನ ಪತ್ರ ಸೊಸೆಗೆ ತೋರಿಸಿಲ್ಲ. ಏನಂತ ತೋರಿಸಲಿ? ನಿನ್ನ ಗಂಡ ಬಿದ್ದದ್ದು ಕೊಂಡಿ ಕಿತ್ತು ಬಂದದ್ದಕ್ಕಲ್ಲ, ಅವನ ಅಕ್ಕ ಮಾತು ಮುರಿದದ್ದಕ್ಕೆ ಅಂತಲೇ?

ನೀನು ಇಲ್ಲಿಗೆ ಬರೋದು ಬೇಡ. ಬಿಳಿ ಉಡುಪು ಬಿಟ್ಟು ಬಣ್ಣದ ಬಟ್ಟೆ ಉಟ್ಟುಕೊಂಡು ಅವನ ಮಂಚದ ಪಕ್ಕ ನಿಂತರೆ ಏನಾಗುತ್ತೋ ನನಗೆ ಭಯ. ಮೊದಲು ವಾಪಸ್ ಹೋಗು. ಬಾಗಿಲಲ್ಲಿ ಬಿದ್ದು ಬೇಡಿಕೋ. ನೆಲ ಒರೆಸೋಕಾದರೂ ಇಟ್ಟುಕೊಳ್ಳಿ ಅಂತ ಕೇಳು. ಒಂದು ಸಲ ಬಲಿಪೀಠದ ಮೇಲೆ ಇಟ್ಟದ್ದನ್ನ ವಾಪಸ್ ಎತ್ತಿಕೊಳ್ಳೋ ಹಾಗಿಲ್ಲ. ಇಷ್ಟು ವರ್ಷ ಅಲ್ಲಿದ್ದು ಇದೊಂದು ಕಲೀಲಿಲ್ಲವಾ ನೀನು?

ನಂಜು ಇಳಿದಿಲ್ಲ. ನಿನ್ನೆ ಔಷಧ ಬದಲಾಯಿಸಿದರು. ಡಾಕ್ಟರು ನನ್ನ ಮುಖ ನೋಡದೆ ಮಾತಾಡ್ತಾರೆ.

ಅಮ್ಮ


ಜನವರಿ 30

ಅಮ್ಮನಿಗೆ,

ನೀನು ಬೇಡ ಎಂದರೂ ನಾನು ಬಂದಿದ್ದೆ. ಭಾನುವಾರ, ಮಧ್ಯಾಹ್ನ ಮೂರಕ್ಕೆ. ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂತು, ವಿಚಾರಿಸಿಕೊಂಡು ವಾರ್ಡಿನ ಬಾಗಿಲವರೆಗೂ ಬಂದೆ. ಬಾಗಿಲ ಗಾಜಿನಲ್ಲಿ ಅವನ ಪಾದ ಮಾತ್ರ ಕಾಣುತ್ತಿತ್ತು. ನೀನು ಪಕ್ಕದಲ್ಲಿ ಜಪಮಣಿ ಹಿಡಿದು ಕೂತಿದ್ದೆ. ಕೂದಲು ಅಷ್ಟೊಂದು ಬೆಳ್ಳಗಾಗಿದೆ ಎಂದು ನೀನು ಯಾವ ಪತ್ರದಲ್ಲೂ ಬರೆದಿರಲಿಲ್ಲ. ಒಳಗೆ ಬಂದರೆ ನೀನು ಕೂಗಾಡುತ್ತೀಯ, ಅವನು ಬೆಚ್ಚಿ ಬೀಳುತ್ತಾನೆ ಎಂದು ಹೆದರಿದೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದು ಸಂಜೆಯ ಬಸ್ಸಿಗೆ ಹೊರಟುಬಿಟ್ಟೆ. ಇಷ್ಟು ಹೇಡಿ ನಿನ್ನ ಮಗಳು.

ಆದರೆ ನಿನ್ನ ಏಳು ವಾರವನ್ನು ನಾನು ಒಪ್ಪುವುದಿಲ್ಲ. ಕೋಪ ಮಾಡಿಕೊಳ್ಳದೆ ಓದು. ಮಕ್ಕಳನ್ನು ಲಿಫ್ಟಿನ ಗುಂಡಿಗೆ ತಳ್ಳಿ ಅಕ್ಕಂದಿರನ್ನು ಹೆದರಿಸುವ ದೇವರನ್ನು ನೀನು ನಮಗೆ ಕಲಿಸಿರಲಿಲ್ಲ. ಆತ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತಿಗೆ ಮಹಾದೇವಾಲಯದ ಪರದೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎಂದು ಓದುತ್ತೇವಲ್ಲ, ಯಾಕೆ ಹರಿಯಿತಮ್ಮ? ಇನ್ನು ಕುರಿ ಬೇಡ, ಹೋತ ಬೇಡ, ಬಲಿಯ ರಕ್ತ ಹಿಡಿದುಕೊಂಡು ಪರದೆಯೊಳಗೆ ಹೋಗುವ ಯಾಜಕನೂ ಬೇಡ, ಅದೆಲ್ಲ ಒಬ್ಬನಿಂದ ಒಂದೇ ಸಲಕ್ಕೆ ಮುಗಿಯಿತು ಎಂದು. ನಮ್ಮ ಪೂಜೆಯಲ್ಲಿ ಹೊಸದಾಗಿ ಯಾರನ್ನೂ ಕೊಲ್ಲುವುದಿಲ್ಲ. ಆ ಒಂದನ್ನೇ ನೆನೆದು ರೊಟ್ಟಿ ಮುರಿಯುತ್ತೇವೆ. ಆ ರೊಟ್ಟಿಯನ್ನು ಹನ್ನೆರಡು ವರ್ಷ ಕತ್ತರಿಸಿದವಳು ನಾನು, ಇಷ್ಟಾದರೂ ನನಗೆ ಗೊತ್ತು.

ಪರದೆ ಹರಿದ ಮೇಲೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ. ನನಗನ್ನಿಸುತ್ತದೆ, ಮರುದಿನ ಯಾರೋ ಸೂಜಿ ದಾರ ತಂದು ಕೂತು ಹೊಲಿದಿರಬೇಕು. ಸಂಜೆಗೆ ಮತ್ತೆ ಕುರಿ ಬಂದಿರಬೇಕು, ಏನೂ ಆಗದವರಂತೆ. ಕೊಡುವುದು ನಿಂತುಹೋದರೆ ಆ ಜನ ಕೈ ಕಟ್ಟಿಕೊಂಡು ಹೇಗೆ ಇರುತ್ತಾರೆ? ನೀನು ಈಗ ಮಾಡುತ್ತಿರುವುದೂ ಅದೇ.

ಇನ್ನೊಂದು ಮಾತು ಬಹಳ ದಿನದಿಂದ ಕೇಳಬೇಕೆಂದಿದ್ದೆ. ನನಗೆ ಬಂದಿದ್ದ ಜ್ವರ ಯಾವುದು? ನನಗೆ ಒಂದು ದಿನವೂ ನೆನಪಿಲ್ಲ. ತಮ್ಮ ಹುಟ್ಟಿದ ವರ್ಷ ಅದು. ಆ ವರ್ಷ ಒಂದು ದಿನವೂ ತಪ್ಪಿಸದೆ ಬಂದಿದ್ದಕ್ಕೆ ಶಾಲೆಯಲ್ಲಿ ನನಗೆ ಪೆನ್ಸಿಲ್ ಡಬ್ಬಿ ಬಹುಮಾನ ಕೊಟ್ಟಿದ್ದರು. ಸಾಯುವಷ್ಟು ಜ್ವರ ಬಂದ ಮಗು ಶಾಲೆ ತಪ್ಪಿಸದೆ ಹೇಗೆ ಹೋಯಿತು?

ತಮ್ಮನ ಹಣೆ ಮುಟ್ಟಿ ನನ್ನ ಹೆಸರು ಹೇಳು.

ಮಗಳು


ಫೆಬ್ರವರಿ 5

ಮಗಳೇ,

ಪರದೆ ಹೊಲಿಯೋ ಮಾತಾಡಿದ್ದೀಯ. ಹೌದು, ಹೊಲೀತೀನಿ. ಹೋಟೆಲಿನವರ ಹರಿದ ಹಾಸಿಗೆ ಬಟ್ಟೆ ಹೊಲಿದೇ ನಿಮ್ಮಿಬ್ಬರನ್ನೂ ಸಾಕಿದ್ದು. ಎಲ್ಲ ಮುಗೀತು, ಇನ್ನು ಕೊಡೋದು ಏನೂ ಇಲ್ಲ ಅಂತ ನಿನಗೆ ಹೇಳೋಕೆ ಸುಲಭ. ಕೊಡೋಕೆ ಏನೂ ಇಲ್ಲದವಳು ಕೇಳೋದಾದರೂ ಯಾವ ಮುಖ ಇಟ್ಟುಕೊಂಡು? ಬರಿಗೈಯಲ್ಲಿ ಆ ಮಂಚದ ಪಕ್ಕ ಒಂದು ದಿನ ಕೂತು ನೋಡು, ಆಮೇಲೆ ನನಗೆ ಬೋಧನೆ ಮಾಡು.

ಪೆನ್ಸಿಲ್ ಡಬ್ಬಿ ಒಂದನ್ನ ನಾನು ಮರೆತುಬಿಟ್ಟಿದ್ದೆ.

ನಿನಗೆ ಜ್ವರ ಬಂದಿರಲಿಲ್ಲ. ಯಾವ ಕಾಯಿಲೆಯೂ ಬಂದಿರಲಿಲ್ಲ. ಬಂದದ್ದು ಅವನಿಗೆ. ಹುಟ್ಟಿದಾಗ ಅಳಲಿಲ್ಲ, ನೀಲಿ ಬಣ್ಣಕ್ಕೆ ತಿರುಗಿದ್ದ. ಸೂಲಗಿತ್ತಿ ತಲೆಕೆಳಗೆ ಹಿಡಿದು ಬಡಿದಳು, ಉಸಿರು ಊದಿದಳು, ಆಮೇಲೆ ಬಟ್ಟೆ ಸುತ್ತಿ ನನ್ನ ಪಕ್ಕ ಇಟ್ಟು ಕೈ ತೊಳೆಯೋಕೆ ಹೋದಳು. ನಿಮ್ಮಪ್ಪ ಪಾಳಿ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತು, ನೀನು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದೆ. ಒಂದು ಕಾಲಲ್ಲಿ ಶೂ ಇತ್ತು, ಇನ್ನೊಂದು ಕೈಯಲ್ಲಿತ್ತು. ಅಮ್ಮ, ಪಾಪು ಯಾಕೆ ಸುಮ್ಮನಿದೆ ಅಂತ ಕೇಳಿದೆ.

ನಾನು ನಿನ್ನ ಕಡೆ ಬೆರಳು ಮಾಡಿ ದೇವರಿಗೆ ಹೇಳಿದೆ, "ಇವನನ್ನ ಬಿಡು. ಅವಳನ್ನ ತಗೋ."

ಅಷ್ಟೇ ಹೇಳಿದ್ದು. ಹೇಳಿ ಮುಗಿಸೋಷ್ಟರಲ್ಲಿ ಅವನು ಅತ್ತ.

ನೀನು ಅಲ್ಲೇ ಸತ್ತು ಬೀಳ್ತೀಯೇನೋ ಅಂತ ಎಷ್ಟು ತಿಂಗಳು ನಿನ್ನ ಪಕ್ಕ ಮಲಗಿ ಎದೆ ಮುಟ್ಟಿ ನೋಡಿದ್ದೀನಿ ಗೊತ್ತಾ? ಆಮೇಲೆ, ತಗೋ ಅಂದರೆ ಸಾವೇ ಆಗಬೇಕಿಲ್ಲ, ಕನ್ಯಾಮಠಕ್ಕೆ ಒಪ್ಪಿಸಿದರೂ ಕೊಟ್ಟ ಹಾಗೇ ಅಂತ ನಾನೇ ಸಮಾಧಾನ ಮಾಡಿಕೊಂಡೆ. ಜ್ವರದ ಕಥೆ ಕಟ್ಟಿ ನಿನಗೆ ಹೇಳಿದೆ. ನಿನ್ನ ಜೀವಕ್ಕೇ ನಿನ್ನನ್ನ ಕೊಟ್ಟೆ ಅಂದರೆ ನೀನು ಹೋಗ್ತೀಯ, ತಮ್ಮನ ಜೀವಕ್ಕೆ ಅಂದರೆ ಹೋಗಲ್ಲ ಅಂದುಕೊಂಡೆ. ಅಪ್ಪನಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದೇ ಹೋದರು.

ಈಗ ನನ್ನನ್ನ ಏನು ಬೇಕಾದರೂ ಅನ್ನು. ಅಮ್ಮ ಅಂತ ಕರೀಬೇಡ ಬೇಕಾದರೆ. ಆದರೆ ವಾಪಸ್ ಹೋಗು. ಅವನಿಗೆ ಇಪ್ಪತ್ತೈದು ವರ್ಷ, ಸೊಸೆಗೆ ಆರನೇ ತಿಂಗಳು. ಇವತ್ತು ಬೆಳಗ್ಗೆ ಡಾಕ್ಟರು ಮನೆಯವರನ್ನೆಲ್ಲ ಕರೆಸಿಕೊಳ್ಳಿ ಅಂದರು. ಮನೆಯವರು ಅಂದರೆ ಯಾರಿದ್ದಾರೆ ನನಗೆ?

ಇದೊಂದೇ ಸಲ ನಿನ್ನ ಕಾಲು ಹಿಡೀತೀನಿ.

ಅಮ್ಮ


ಫೆಬ್ರವರಿ 10

ಅಮ್ಮನಿಗೆ,

ನಾನು ಹಿಂದಿರುಗಿದ್ದೇನೆ. ಬಿಳಿ ಉಡುಪು ಮತ್ತೆ ತೊಟ್ಟಿದ್ದೇನೆ. ಇನ್ನು ನೀನು ಹೆದರಬೇಡ.

ಪತ್ರವನ್ನು ಬೇಕರಿಯ ವಿಳಾಸಕ್ಕೇ ಬರೆ. ಹೊಸದಾಗಿ ಸೇರಿದ ಕಾರಣ ಸ್ವಲ್ಪ ಕಾಲ ನೇರವಾಗಿ ಪತ್ರ ಕೊಡುವುದಿಲ್ಲ. ಬೇಕರಿಯ ಯಜಮಾನರು ಇಲ್ಲಿಗೆ ಹಿಟ್ಟು ತಂದುಕೊಡುವಾಗ ತಲುಪಿಸುತ್ತಾರೆ.

ನೀನು ಬರೆದ ಮಿಕ್ಕ ವಿಷಯಕ್ಕೆ ಉತ್ತರ ಬರೆಯಲು ನನಗೆ ಇವತ್ತು ಆಗುವುದಿಲ್ಲ.

ಮಗಳು


ಫೆಬ್ರವರಿ 17

ನನ್ನ ಚಿನ್ನದಂಥ ಮಗಳೇ,

ನಿನ್ನ ಪತ್ರ ಹದಿಮೂರಕ್ಕೆ ಬಂತು. ಹದಿಮೂರಕ್ಕೇ ಜ್ವರ ಇಳೀತು. ನರ್ಸು ಎರಡು ಸಲ ಇಟ್ಟು ನೋಡಿದಳು, ಥರ್ಮಾಮೀಟರ್ ಕೆಟ್ಟಿದೆಯೇನೋ ಅಂತ. ಕೆಟ್ಟಿರಲಿಲ್ಲ. ಹದಿನಾಲ್ಕಕ್ಕೆ ನೀರು ಕೇಳಿದ. ಹದಿನೈದಕ್ಕೆ ಆಸ್ಪತ್ರೆ ಚಹಾ ಕುಡಿದು, ಇದನ್ನ ಕುಡಿಯೋದಕ್ಕಿಂತ ಲಿಫ್ಟಿಂದ ಬೀಳೋದೇ ವಾಸಿ ಅಂದ. ಸೊಸೆ ಅಳ್ತಾ ನಕ್ಕಳು, ನಾನೂ ನಕ್ಕೆ. ನಿನ್ನೆ ದಿಂಬಿಗೆ ಒರಗಿ ಕೂತಿದ್ದ.

ನಾನು ಹೇಳಲಿಲ್ಲವಾ? ಹೇಳಿದ್ದೆನೋ ಇಲ್ಲವೋ? ನೀನು ಪರದೆ, ಕುರಿ ಅಂತ ಏನೇನೋ ಬರೆದೆ, ಕೊನೆಗೆ ಅಮ್ಮನ ಮಾತೇ ನಿಜ ಆಯ್ತು ನೋಡು.

ಒಂದು ತಿಂಗಳಿಂದ ಚರ್ಚಿನ ಬಲಿಪೀಠದ ಬಟ್ಟೆಗಳನ್ನ ಒಗೆಯೋಕೆ ಹೋಗಿರಲಿಲ್ಲ. ನಿನ್ನೆ ಹೋಗಿ ಎಲ್ಲ ಕಟ್ಟಿಕೊಂಡು ಬಂದೆ. ನಿನಗೆ ಜ್ಞಾಪಕ ಇದೆಯಲ್ಲ, ಪೂಜೆಯ ಪಾತ್ರೆ ಒರೆಸಿದ ಬಟ್ಟೆ ನೆನೆಸಿದ ಮೊದಲನೇ ನೀರನ್ನ ಮೋರಿಗೆ ಚೆಲ್ಲೋ ಹಾಗಿಲ್ಲ, ಮಣ್ಣಿಗೇ ಸುರಿಯಬೇಕು. ಸುರಿದು ಅಲ್ಲೇ ಮಂಡಿಯೂರಿದೆ. ಎಷ್ಟು ಹೊತ್ತಾದರೂ ಏಳೋಕೆ ಮನಸ್ಸಾಗಲಿಲ್ಲ.

ಅಲ್ಲೇ ಇನ್ನೊಂದು ಮಾತೂ ಕೊಟ್ಟುಬಿಟ್ಟೆ. ಅವನು ಊರುಗೋಲಿಲ್ಲದೆ ಎದ್ದು ನಡೆದರೆ, ಹುಟ್ಟೋ ಮಗುವನ್ನೂ ಒಪ್ಪಿಸ್ತೀನಿ ಅಂತ. ಗಂಡಾದರೆ ಗುರುಗಳ ಮಠಕ್ಕೆ, ಹೆಣ್ಣಾದರೆ ನಿನ್ನ ಹತ್ತಿರಕ್ಕೆ. ಅವರಿಬ್ಬರಿಗೂ ಈಗಲೇ ಹೇಳಲ್ಲ. ಮಗು ದೊಡ್ಡದಾಗೋವರೆಗೆ ಸಮಯ ಇದೆ. ನೀನಿದ್ದೀಯಲ್ಲ, ನೀನೇ ನೋಡಿಕೊಳ್ತೀಯ. ಈಗ ನನಗೆ ದಾರಿ ಗೊತ್ತಾಗಿದೆ.

ನಿನ್ನ ಬಗ್ಗೆ ಅವನಿಗೆ ಹೇಳಬೇಕು. ಇನ್ನೊಂದೆರಡು ದಿನ ಶಕ್ತಿ ಬರಲಿ. ನೀನು ಅವನಿಗೋಸ್ಕರ ಏನು ಮಾಡಿದ್ದೀಯ ಅಂತ ಅವನಿಗೂ ಗೊತ್ತಾಗಬೇಕು.

ದೇವರು ನಿನ್ನನ್ನ ಅಲ್ಲೇ ಸುಖವಾಗಿಡಲಿ.

ನಿನ್ನ ಅಮ್ಮ


ಫೆಬ್ರವರಿ 22

ಅಮ್ಮ,

ತಮ್ಮ ದಿಂಬಿಗೆ ಒರಗಿ ಕೂತ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಪತ್ರವನ್ನು ಅಲ್ಲಿಗೇ ಮಡಚಿಟ್ಟಿದ್ದರೆ ಚೆನ್ನಾಗಿತ್ತು. ಮುಂದೆ ಓದಿದೆ. ಹುಟ್ಟದ ಮಗುವಿನ ವಿಷಯ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಈಗ ಬರೆಯುವುದನ್ನು ಕೂತು ಓದು.

ನಾನು ಹಿಂದಿರುಗಿಲ್ಲ. ಸುಳ್ಳು ಬರೆದೆ.

ಹೋಗಿದ್ದಂತೂ ನಿಜ. ನಿನ್ನ ಬೆರಳಿನ ಪತ್ರ ಓದಿದ ಮರುದಿನವೇ ಹೋದೆ. ನಿನ್ನ ಮೇಲೆ ಸಿಟ್ಟು ಎಷ್ಟಿತ್ತೆಂದರೆ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಇದ್ದೆ. ಆದರೂ ಹೋದೆ. ಅವನು ಹುಟ್ಟಿದ ದಿನದಿಂದ ಎತ್ತಿ ಆಡಿಸಿದವಳು ನಾನು, ಅವನು ಸಾಯುತ್ತಾನೆ ಎಂದರೆ ನನಗೆ ಇನ್ಯಾವ ಬುದ್ಧಿಯೂ ಓಡಲಿಲ್ಲ. ಮದರ್ ಎದುರು ಮಂಡಿಯೂರಿ, ತಮ್ಮನ ಬದಲಿಗೆ ನನ್ನನ್ನು ಇಟ್ಟುಕೊಳ್ಳಿ ಎಂದೆ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು.

"ದೇವರು ಬೇಕು ಅಂತ ಬರೋರಿಗೆ ಈ ಬಾಗಿಲು ಯಾವತ್ತೂ ತೆರೆದಿದೆ. ಇನ್ನೊಬ್ಬರ ಬದಲಿಗೆ ಅಂತ ಬರೋರಿಗೆ ಇಲ್ಲ. ಹಾಗೆ ಬದಲಿಗೆ ಬಂದೋನು ಒಬ್ಬನೇ, ಬಂದದ್ದು ಒಂದೇ ಸಲ. ನೀನು ಎರಡನೆಯವಳಾಗೋಕೆ ಹೋಗಬೇಡ," ಎಂದರು.

ಚಹಾ ಕೊಟ್ಟರು, ಬಸ್ ನಿಲ್ದಾಣದವರೆಗೂ ಜೊತೆಗೆ ಬಂದರು. ಎರಡು ದಿನ ನಾನು ನಿನಗೆ ಏನು ಬರೆಯಲಿ ಎಂದು ಒದ್ದಾಡಿದೆ. ಇಟ್ಟುಕೊಳ್ಳಲಿಲ್ಲ ಎಂದರೆ ನೀನು ಅಲ್ಲೇ ಕುಸಿಯುತ್ತೀಯ ಎಂದು ಹೆದರಿ ಆ ಸುಳ್ಳು ಬರೆದೆ.

ಅಮ್ಮ, ಜ್ವರ ಇಳಿದ ದಿನ ನಾನು ಎಲ್ಲಿದ್ದೆ ಗೊತ್ತೇ? ಬೇಕರಿಯಲ್ಲಿ, ಒಲೆಯ ಮುಂದೆ, ಹಳದಿ ಬಣ್ಣದ ಬಟ್ಟೆಯಲ್ಲಿ. ಯಾರೂ ಯಾರನ್ನೂ ಕೊಟ್ಟಿರಲಿಲ್ಲ. ಬಲಿಪೀಠದ ಮೇಲೆ ಏನೂ ಇರಲಿಲ್ಲ. ಆದರೂ ಅವನು ನೀರು ಕೇಳಿದ, ಚಹಾ ಚೆನ್ನಾಗಿಲ್ಲ ಎಂದ. ಔಷಧ ಹಿಡಿಯಿತು, ದೇವರ ದಯೆ ಇತ್ತು, ಅದನ್ನು ಯಾರೂ ಬದಲು ಕೊಟ್ಟು ತಂದದ್ದಲ್ಲ. ಇಪ್ಪತ್ತೈದು ವರ್ಷದ ಹಿಂದೆಯೂ ಅಷ್ಟೇ. ಸೂಲಗಿತ್ತಿ ಊದಿದ ಉಸಿರು ತಡವಾಗಿ ಒಳಗೆ ಹೋಯಿತು, ಅವನು ಅತ್ತ. ನೀನು ಏನೂ ಹೇಳದಿದ್ದರೂ ಅಳುತ್ತಿದ್ದ.

ಈ ಸುಳ್ಳನ್ನು ಹಾಗೇ ಬಿಟ್ಟಿದ್ದರೆ ನೀನು ಸುಖವಾಗಿರುತ್ತಿದ್ದೆ. ಆದರೆ ಆ ಮಗು ಇನ್ನೂ ಹೊಟ್ಟೆಯಲ್ಲಿದೆ. ನಾನು ಬಾಯಿ ಮುಚ್ಚಿಕೊಂಡರೆ ಇನ್ನು ಹತ್ತೊಂಬತ್ತು ವರ್ಷಕ್ಕೆ ಅದೂ ಗಂಟುಮೂಟೆ ಕಟ್ಟುತ್ತದೆ, ಯಾಕೆ ಎಂದು ತಿಳಿಯದೆ. ಅದನ್ನು ಯಾರಿಗೂ ಕೊಡಬೇಡಮ್ಮ. ದೇವರಿಗೂ ಕೊಡಬೇಡ. ಆತ ಕೇಳಿಲ್ಲ.

ನಾಳೆ ತಮ್ಮನಿಗೆ ಒಳ್ಳೆಯದಾದರೂ ಕೆಟ್ಟದ್ದಾದರೂ ಅದು ನನ್ನಿಂದಲ್ಲ, ನಿನ್ನಿಂದಲೂ ಅಲ್ಲ. ಇದನ್ನು ನಂಬಲು ನನಗೂ ಕಷ್ಟವಾಗುತ್ತಿದೆ.

ನನ್ನನ್ನು ಬೈದು ಒಂದು ಸಾಲಾದರೂ ಬರೆ.

ಮಗಳು


ಮಾರ್ಚ್ 3

ಅಮ್ಮ,

ಒಂಬತ್ತು ದಿನವಾಯಿತು. ದಿನಾ ಅಂಚೆಯವನು ಬೇಕರಿಯ ಬಾಗಿಲಿಗೆ ಬರುವ ಮೊದಲೇ ನಾನು ರಸ್ತೆಯಲ್ಲಿರುತ್ತೇನೆ. ಅವನು ದೂರದಿಂದಲೇ ತಲೆ ಆಡಿಸಿಬಿಡುತ್ತಾನೆ.

ನಿನ್ನೆ ಯಜಮಾನರ ಮನೆಯಿಂದ ಆಸ್ಪತ್ರೆಗೆ ಫೋನ್ ಮಾಡಿದೆ. ರೋಗಿಯ ಮನೆಯವರಿಗಲ್ಲದೆ ಬೇರೆಯವರಿಗೆ ಏನೂ ಹೇಳುವುದಿಲ್ಲ ಎಂದರು. ನಾನು ಅವನ ಅಕ್ಕ ಎಂದೆ. ಅಕ್ಕ ಕನ್ಯಾಮಠದಲ್ಲಿದ್ದಾರೆ, ಬರಲಾಗುವುದಿಲ್ಲ ಎಂದು ತಾಯಿಯೇ ಬರೆಸಿದ್ದಾರಲ್ಲ, ನೀವು ಯಾರು ಎಂದು ಕೇಳಿದರು. ನನ್ನ ಸುಳ್ಳು ನನಗೇ ಅಡ್ಡ ನಿಂತಿತು. ಫೋನ್ ಇಟ್ಟೆ.

ಅವನು ನಡೆಯಲು ಶುರು ಮಾಡಿದನೇ? ಒಂದು ಹೆಜ್ಜೆ ಇಟ್ಟಿದ್ದರೂ ಬರೆ. ನಮ್ಮಿಬ್ಬರ ಜಗಳ ಏನೇ ಇರಲಿ, ಅದನ್ನು ಆಮೇಲೆ ಆಡೋಣ.

ನಿನ್ನ ಪತ್ರಕ್ಕೆ ಕಾಯುತ್ತಿರುವ
ಮಗಳು


ಮಾರ್ಚ್ 7

ಮಗಳೇ,

ಚಿಕ್ಕೋನು ಹೋಗಿಬಿಟ್ಟ.

ಫೆಬ್ರವರಿ ಇಪ್ಪತ್ತನಾಲ್ಕು, ಬೆಳಗ್ಗೆ ಎಂಟೂ ಇಪ್ಪತ್ತಕ್ಕೆ. ನರ್ಸು ಹಾಸಿಗೆ ಬಟ್ಟೆ ಬದಲಾಯಿಸೋಕೆ ಅಂತ ಅವನನ್ನ ಪಕ್ಕಕ್ಕೆ ತಿರುಗಿಸಿದಳು. ಎದೆ ಹಿಡಿದುಕೊಂಡ. ಮುರಿದ ಕಡೆಯಿಂದ ರಕ್ತದ ಹೆಪ್ಪು ಮೇಲೆ ಹೋಗಿ ಕೂತಿತ್ತಂತೆ. ಐದು ನಿಮಿಷ ಕೂಡ ಆಗಲಿಲ್ಲ. ಇಪ್ಪತ್ತೈದಕ್ಕೆ ಮಣ್ಣು ಮಾಡಿದೆವು. ನಿನಗೆ ಹೇಳಿ ಕಳಿಸಲಿಲ್ಲ. ವ್ರತದಲ್ಲಿರೋಳನ್ನ ಹೊರಗೆ ಕರೆಯಬಾರದು ಅಂದುಕೊಂಡೆ.

ನಿನ್ನ ಪತ್ರ ಬಂದದ್ದು ಇಪ್ಪತ್ತಾರಕ್ಕೆ. ನೀನು ಅಲ್ಲಿಲ್ಲ ಅಂತ ಓದಿದೆ. ಓದಿ ನಾನು ನಿನ್ನನ್ನ ಎಂತೆಂಥ ಮಾತಲ್ಲಿ ಶಪಿಸಿದೆ ಅಂತ ಬರೆಯಲ್ಲ. ಸೊಸೆ ನನ್ನ ಕೈಯಿಂದ ಪತ್ರ ಕಿತ್ತುಕೊಂಡಳು. ಮೊದಲಿಂದ ಕೊನೆಯವರೆಗೆ ನಿಂತುಕೊಂಡೇ ಓದಿದಳು. ಆಮೇಲೆ ಮಿಕ್ಕ ಪತ್ರ ಎಲ್ಲಿ ಅಂತ ಕೇಳಿ ಅದನ್ನೂ ಓದಿದಳು. ಅವತ್ತಿಂದ ನಾನು ಅವಳ ಕೋಣೆಗೆ ಹೋದರೆ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಳ್ತಾಳೆ. ಊಟದ ತಟ್ಟೆ ಬಾಗಿಲಲ್ಲಿ ಇಟ್ಟು ಬರ್ತೀನಿ. ತಪ್ಪು ಅವಳದ್ದಲ್ಲ.

ನಿನಗೆ ಇನ್ನೊಂದು ಹೇಳಬೇಕು. ಇಪ್ಪತ್ತೆರಡಕ್ಕೆ ಅವನು ಚೆನ್ನಾಗಿದ್ದ, ಅವನಿಗೆ ಎಲ್ಲ ಹೇಳಿದೆ. ಹುಟ್ಟಿದ ದಿನದ್ದು, ನಿನ್ನ ಕಡೆ ಕೈ ತೋರಿಸಿದ್ದು, ಈಗ ನೀನು ವಾಪಸ್ ಹೋಗಿದ್ದು. ಖುಷಿಪಡ್ತಾನೆ ಅಂದುಕೊಂಡಿದ್ದೆ. ಗೋಡೆ ಕಡೆ ಮುಖ ಮಾಡಿಕೊಂಡ. ಹಾಗೇ ಇದ್ದುಕೊಂಡು, "ಅವಳನ್ನ ಕರೆಸಮ್ಮ. ನಾನು ಕೇಳಿರಲಿಲ್ಲ," ಅಂದ. ಮರುದಿನವೂ ಅದನ್ನೇ ಹೇಳಿದ. ಆಯ್ತು ಕಣೋ, ಬರೀತೀನಿ ಅಂತ ಸುಳ್ಳು ಹೇಳಿದೆ. ಬರೀಲಿಲ್ಲ.

ಈ ಹತ್ತು ದಿನ ಲಾಂಡ್ರಿಗೆ ಹೋಗ್ತೀನಿ, ಬರ್ತೀನಿ. ಯಂತ್ರದ ಮುಂದೆ ನಿಂತಾಗ ಒಂದೇ ಯೋಚನೆ. ನೀನು ಅಲ್ಲಿಲ್ಲದ್ದಕ್ಕೆ ಅವನು ಹೋದ ಅಂದುಕೊಳ್ಳೋಣ ಅಂದರೆ, ಜ್ವರ ಇಳಿದಾಗಲೂ ನೀನು ಅಲ್ಲಿರಲಿಲ್ಲ. ನೀನು ಅಲ್ಲೇ ಇದ್ದೀಯ ಅಂತ ನಾನು ನಂಬಿದ್ದಾಗಲೇ ಅವನು ಹೋದ. ಯಾವ ಕಡೆಯಿಂದ ಹಿಡಿದು ಎಳೆದರೂ ಇದು ನನ್ನ ಕೈಗೆ ಸರಿಯಾಗಿ ಬರ್ತಾ ಇಲ್ಲ.

ಫಾದರ್ ಹತ್ತಿರ ಹೋಗಿ ಕೇಳಿದೆ. ಅವರೂ ನೀನು ಬರೆದದ್ದನ್ನೇ ಹೇಳಿದರು, ಬಲಿ ಮುಗಿದುಹೋಗಿದೆ, ನಿಮ್ಮಿಂದ ಯಾರೂ ಏನೂ ಕೇಳಿಲ್ಲ ಅಂತ. ಅವರು ಹೇಳಿದರೆ ನನಗೆ ಸಾಲದು. ಅವರನ್ನ ಯಾರೂ ಕೊಟ್ಟಿರಲಿಲ್ಲ. ಕೊಟ್ಟದ್ದು ನಿನ್ನನ್ನ, ನೀನು ಹೇಳಬೇಕು.

ಹರಕೆ ನಿಜ ಅಂತಾದರೆ ನಾನು ನಿಮ್ಮಿಬ್ಬರನ್ನೂ ನನ್ನ ಕೈಯಾರೆ ಕೊಟ್ಟೆ. ಸುಳ್ಳು ಅಂತಾದರೆ ಅವನು ಬಿದ್ದು ಸತ್ತ, ನಿನ್ನ ಹನ್ನೆರಡು ವರ್ಷವನ್ನ ನಾನು ಸುಮ್ಮನೆ ಕಿತ್ತುಕೊಂಡೆ. ಎರಡನೇದನ್ನ ಹೇಗೋ ಹೊತ್ತುಕೊಂಡು ಬದುಕ್ತೀನಿ. ಮೊದಲನೇದನ್ನ ಹೊರೋಕೆ ನನ್ನ ಕೈಲಿ ಆಗಲ್ಲ.

ಅದಕ್ಕೆ ಬಾ. ಹಳದಿ ಬಟ್ಟೆಯಲ್ಲೇ ಬಾ. ಎದುರಿಗೆ ಕೂತು ನನ್ನ ಮುಖ ನೋಡಿಕೊಂಡು ಹೇಳು, ಆತ ಕೇಳಿರಲಿಲ್ಲ ಅಂತ. ನಾನು ನಂಬಲ್ಲ, ಜಗಳ ಆಡ್ತೀನಿ. ಮತ್ತೆ ಹೇಳು. ನಾನು ನಂಬೋವರೆಗೂ ಹೇಳ್ತಾ ಇರು.

ಅಮ್ಮ